ಕೊನೆಯ ಫಾರಂ ಹೊಲಿಯುವ ಅಂಟಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಾಡಿಗೆ ಪುಸ್ತಕಾಲಯದ ಹಿಂಬದಿಯ ಕೋಣೆಯಲ್ಲಿ, ಚಿಕ್ಕ ಸ್ಟೌ ಮೇಲೆ ಮೈದಾ ಅಂಟು ಕುದಿಯುತ್ತಿದೆ. ಗಂಟಾಗದಂತೆ ಅದನ್ನು ಕದಡುತ್ತಿರುವ ಹೆಂಗಸು ಇನ್ನೊಂದು ಕೈಯಲ್ಲಿ ದಪ್ಪ ಕಾದಂಬರಿಯೊಂದನ್ನು ತಲೆಕೆಳಗಾಗಿ ಹಿಡಿದು ಕೊಡವುತ್ತಾರೆ. ಮರಳು ಉದುರುತ್ತದೆ. ಹಿಂದೆಯೇ ಒಂದು ಬಸ್ ಟಿಕೆಟ್, ಒಂದು ಹೇರ್‌ಪಿನ್.

“ರಜೆ ಮುಗೀತು,” ಎನ್ನುತ್ತಾರೆ.

ಓದುಗರಿಗೆಲ್ಲ ಇವರು ಅಂಟಕ್ಕ. ಹೊಸ ಪುಸ್ತಕ ಬಿಡುಗಡೆಯಾದರೆ ವೇದಿಕೆಯ ತುಂಬ ಜನ ಕೂರುತ್ತಾರೆ. ಅದೇ ಪುಸ್ತಕ ಹರಿದು ಬಂದರೆ ದಿಕ್ಕು ಇವರೊಬ್ಬರೇ. ಬೇಸಿಗೆಯ ಕೊನೆಗೆ ಓದಬೇಕಾದ ಕಾದಂಬರಿಗಳ ಪಟ್ಟಿ ಮಾಡಲೆಂದು ನಾನು ಇಲ್ಲಿಗೆ ಬಂದವನು. ವಾರದ ಪುರವಣಿಗಳಿಗೆ ವರ್ಷಕ್ಕೊಮ್ಮೆ ಬರುವ ಜ್ವರ ಅದು. ಯಾವುದು ಚೆನ್ನಾಗಿದೆ ಎಂದು ಕೇಳಿದರೆ ಅಂಟಕ್ಕ ಕೆಲವು ಪುಸ್ತಕಗಳ ಬೆನ್ನು ಅಮುಕಿ ನೋಡಿ, ಮೂರನ್ನು ಮುಂದಿಟ್ಟರು. “ಇವು ಓದಿ. ಹೊಲಿಗೆ ಗಟ್ಟಿ ಇದೆ.” ನನ್ನ ಪಟ್ಟಿ ಅಲ್ಲಿಗೇ ನಿಂತಿತು.

ಕೆಲಸ ಕಲಿಸಿದವರು ಮಾವ. ಅವರು ಪ್ರೆಸ್ಸಿನಲ್ಲಿ ಬೈಂಡರ್ ಆಗಿದ್ದವರು. ಮದುವೆಯಾಗಿ ಬಂದ ಸೊಸೆಯ ಕೈಗೆ ಮೊದಲು ದಬ್ಬಳ ಕೊಟ್ಟರಂತೆ, ಸೌಟು ಆಮೇಲೆ. ಗಂಡ ರಾತ್ರಿ ಪಾಳಿಯ ಕಾವಲುಗಾರ. ಅವರು ಬಂದು ಬಾಗಿಲು ತಟ್ಟುವ ಹೊತ್ತಿಗೆ ಇವರು ಚಪ್ಪಲಿ ಮೆಟ್ಟಿ ನಿಂತಿರುತ್ತಾರೆ. ಗಂಡ ಹೆಂಡಿರ ಮಾತು ಹೊಸ್ತಿಲಲ್ಲೇ ಮುಗಿಯುತ್ತದೆ. ದಿನಕ್ಕೆ ಎಂಟು ಹತ್ತು ಪುಸ್ತಕ, ಬೇಸಿಗೆಯ ಕೊನೆಗೆ ಅದರ ಎರಡರಷ್ಟು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇವರ ಕೈಗೆ ಅಂಟು ಮೆತ್ತಿ ಇಪ್ಪತ್ತು ವರ್ಷ ದಾಟಿದೆ, ಸಿಕ್ಕಿದ್ದು ಸೊಂಟನೋವು ಮತ್ತು ಒಡೆದ ಬೆರಳ ತುದಿ.

ಮಾವ ಹೇಳಿಕೊಟ್ಟ ನಿಯಮ ಒಂದೇ: ತಪ್ಪಾಗಿ ಕಟ್ಟಿದ ಪುಸ್ತಕ ಕೋಣೆ ದಾಟಿ ಹೋಗಬಾರದು. ಎರಡು ವರ್ಷದ ಹಿಂದೆ ಅದು ದಾಟಿಹೋಯಿತು.

ಹದಿನಾರು ಪುಟಗಳ ಒಂದು ಮಡಿಕೆಗೆ ಫಾರಂ ಎನ್ನುತ್ತಾರೆ. ಅಂಥ ಫಾರಂಗಳನ್ನು ಪೇರಿಸಿ ಹೊಲಿದರೆ ಪುಸ್ತಕ. ಆ ಬೇಸಿಗೆಯ ಕೊನೆಗೆ ಒಂದೇ ಪ್ರೆಸ್ಸಿನ, ಒಂದೇ ಅಳತೆಯ ಎರಡು ಕಾದಂಬರಿಗಳು ರಟ್ಟು ಕಿತ್ತು ಬಂದಿದ್ದವು. ಒಂದರಲ್ಲಿ ಹಡಗಿಗೆ ಹೋದ ಗಂಡನಿಗಾಗಿ ಹೆಂಡತಿ ಕಾಯುತ್ತಾಳೆ. ಕೊನೆಗೆ ಬಂದರಿಗೆ ಹಡಗು ಮುಳುಗಿದ ಸುದ್ದಿ ಬರುತ್ತದೆ. ಇನ್ನೊಂದು ಗಂಡ ಹೆಂಡಿರ ಜಗಳದ ನಗೆಕಥೆ. ಮುನಿಸಿಕೊಂಡು ಹೋದವನು ಕೊನೆಗೆ ಬೆಳಗಿನ ಜಾವ ಬಂದು ಬಾಗಿಲು ತಟ್ಟುತ್ತಾನೆ. ಎರಡರ ಕೊನೆಯ ಫಾರಂಗಳೂ ಅದಲುಬದಲಾದವು. ಪುಟಸಂಖ್ಯೆ ಸರಿಯಾಗಿಯೇ ಕೂಡಿಕೊಂಡಿತ್ತು, ಆ ಪುಟಗಳಲ್ಲಿ ಯಾರ ಹೆಸರೂ ಇರಲಿಲ್ಲ.

ಯಾರೂ ದೂರಲಿಲ್ಲ. ಕಾದಂಬರಿಕಾರ ನಡೆದದ್ದೇ ದಾರಿ ಎಂದುಕೊಂಡರೋ ಏನೋ. ಈ ಬೇಸಿಗೆಯಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಜಗಳದ ಕಾದಂಬರಿಯನ್ನು ತಂದು, ಅಡುಗೆಮನೆಯಲ್ಲಿ ಪಾತ್ರೆ ಎಸೆಯುತ್ತಿದ್ದವಳು ಪುಟ ತಿರುಗಿಸುವಷ್ಟರಲ್ಲಿ ಬಂದರಿನಲ್ಲಿ ಅಳುವುದು ಹೇಗೆ ಎಂದು ಕೇಳಿದಳು. ಅಂಟಕ್ಕ ಕೊನೆಯ ಫಾರಂ ತೆರೆದು ನೋಡಿದರು, ತಪ್ಪು ತಮ್ಮದೇ. ಅಂದೇ ಹಡಗಿನ ಕಾದಂಬರಿಯನ್ನು ಹುಡುಕಿಕೊಂಡು ಹೊರಟರು.

ಅದು ಇದ್ದದ್ದು ಗಡಿಯಾರ ರಿಪೇರಿ ಮಾಡುವ ಮುದುಕರೊಬ್ಬರ ಬಳಿ. ಹೋದ ಬೇಸಿಗೆಯ ಕೊನೆಗೆ, ಹಾಸಿಗೆ ಹಿಡಿದಿದ್ದ ಹೆಂಡತಿಗೆ ಅವರು ಅದನ್ನು ದಿನಕ್ಕಿಷ್ಟು ಓದಿ ಹೇಳಿದ್ದರು. ಅವನು ಬರುತ್ತಾನೋ ಇಲ್ಲವೋ ಎಂದು ಆಕೆ ದಿನವೂ ಕೇಳುತ್ತಿದ್ದರಂತೆ. ಬಾಗಿಲು ತಟ್ಟಿದ ಪುಟ ಮುಗಿದಾಗ “ಬಂದನಲ್ಲ, ಸಾಕು” ಎಂದು ಮಗ್ಗುಲಾದರು. ಅದೇ ವಾರ ತೀರಿಕೊಂಡರು. ಈ ವರ್ಷವೂ ಬೇಸಿಗೆ ಮುಗಿಯುತ್ತ ಬಂದಂತೆ ಆ ಪುಸ್ತಕವನ್ನೇ ಮತ್ತೆ ಬಾಡಿಗೆಗೆ ತಂದಿದ್ದರು.

ಅಂಟಕ್ಕ ನಿಜ ಹೇಳಿಬಿಟ್ಟರು: ಆ ಕೊನೆ ಆ ಕಥೆಯದಲ್ಲ, ಅವನು ಬರುವುದಿಲ್ಲ. ಮುದುಕರು ಬಿಚ್ಚಿಟ್ಟಿದ್ದ ಗಡಿಯಾರವನ್ನು ಪಕ್ಕಕ್ಕೆ ಸರಿಸಿದರು. “ನಮ್ಮವಳು ಕೇಳಿದ್ದು ಇದನ್ನೇ ಅಲ್ವೇನಮ್ಮಾ,” ಎಂದರು. ಆಮೇಲೆ, ಪರರ ವಸ್ತು ಎಂದು ಪುಸ್ತಕವನ್ನು ಕೊಟ್ಟೂಬಿಟ್ಟರು.

“ಬೈದಿದ್ರೆ ವಾಸಿ ಇತ್ತು,” ಎನ್ನುತ್ತಾರೆ ಅಂಟಕ್ಕ. “ನಂದು ತಪ್ಪು, ಸರಿ ಮಾಡ್ಬೇಕು. ಮಾಡಿದ್ರೆ ಅವರ ಮನೇಲಿ ಅವನು ಬರೋದೇ ಇಲ್ವಲ್ಲ.”

ಎರಡೂ ಪುಸ್ತಕ ಬಿಚ್ಚಿ, ಆಯಾ ಕೊನೆಯನ್ನು ಆಯಾ ಕಥೆಗೆ ಹೊಲಿದರು. ಓದುಗರಿಗೆ ಸಲ್ಲಬೇಕಾದದ್ದು ಸಂದಿತು. ಆದರೆ ರದ್ದಿಯ ಮೂಟೆಯಲ್ಲಿ ಹಡಗಿನ ಕಾದಂಬರಿಯದೇ ಇನ್ನೊಂದು ಪ್ರತಿ ಬಿದ್ದಿತ್ತು, ಕೊನೆಯ ಫಾರಂ ಕಳೆದುಕೊಂಡದ್ದು. ಪುಸ್ತಕಾಲಯದ ಯಜಮಾನಿಯನ್ನು ಕೇಳಿ ಅದನ್ನು ಎತ್ತಿಟ್ಟುಕೊಂಡರು. ಜಗಳದ ಕಾದಂಬರಿಯ ಕೊನೆಯ ಪುಟಗಳನ್ನು ಜೆರಾಕ್ಸ್ ಮಾಡಿಸಿ, ಬಿಳುಪು ಕಾಣದಂತೆ ಚಹಾದ ನೀರಿನಲ್ಲಿ ಅದ್ದಿ ಒಣಗಿಸಿದರು.

ಈಗ ಅಂಟು ಹದಕ್ಕೆ ಬಂದಿದೆ. ನನ್ನೆದುರು ಅವರು ಹೊಲಿಯುತ್ತಿರುವುದು ಆ ತಪ್ಪು ಪುಸ್ತಕವನ್ನೇ. ಮಾವನ ನಿಯಮ ಏನಾಯಿತು ಎಂದು ನಾನು ಕೆಣಕುತ್ತೇನೆ. ಮಾವನೂ ಹೆಂಡತಿಯನ್ನು ಕಳಕೊಂಡವರೇ ಎಂದು ಹೇಳಿ ದಾರವನ್ನು ಹಲ್ಲಿನಿಂದ ಕಡಿಯುತ್ತಾರೆ. ಇಂದು ಇವರು ಬರುವಾಗ, ಎಂದಿನಂತೆ ಬಾಗಿಲು ತಟ್ಟಿ ಬಂದ ಗಂಡನನ್ನು ಒಂದು ಗಳಿಗೆ ಹೆಚ್ಚಿಗೆ ನಿಂತು ನೋಡಿದರಂತೆ. “ಏನೇ, ಹುಷಾರಿಲ್ವಾ?” ಎಂದು ಅವರು ಗಾಬರಿಯಾದರಂತೆ.

ತಮ್ಮ ಅಂಗಡಿ ತೆರೆಯುವ ಮುನ್ನ ಗಡಿಯಾರದ ಮುದುಕರು ಬರುತ್ತಾರೆ. ಜೇಬಿನಿಂದ ಮಸೂರ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು, ಪುಸ್ತಕದ ಬೆನ್ನನ್ನೂ ಕೊನೆಯ ಪುಟಗಳ ಬುಡವನ್ನೂ ಪರೀಕ್ಷಿಸುತ್ತಾರೆ. ಬಹಳ ಹೊತ್ತು ನೋಡಿ, ಎಲ್ಲಿ ಸೇರಿದೆಯೋ ತಿಳಿಯುತ್ತಿಲ್ಲ ಎನ್ನುತ್ತಾರೆ.

ಅಂಟಕ್ಕ ಕೈಯ ಅಂಟನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

“ಮೊದಲ್ನೇ ಸಲ ಗೊತ್ತಿಲ್ದೆ ಮಾಡಿದ್ದು, ಸ್ವಲ್ಪ ಸೊಟ್ಟ ಇತ್ತು. ಈ ಸಲ ಗೊತ್ತಿದ್ದೇ ಮಾಡಿದೀನಲ್ಲ, ಯಜಮಾನ್ರೇ.”