ಜುಮ್ಮೆನ್ನುತ್ತಿದ್ದ ಪೆಟ್ಟಿಗೆ

ಹಾಸನದ ಹೊರಗಿನ ಒಂದು ಆಲೂಗಡ್ಡೆ ಕೋಲ್ಡ್ ಸ್ಟೋರೇಜಿಗೆ ನಾನು ಮೊದಲ ಸಲ ಹೋದದ್ದು ಕ್ಯಾಮೆರಾಗಳ ದೂರು ಬಂದಿದ್ದಕ್ಕೆ. ನನ್ನ ಊರು ಹೊಳೆನರಸೀಪುರ, ನೆಟ್‌ವರ್ಕ್ ಜೋಡಿಸುವುದು ಕೆಲಸ. ಅಲ್ಲಿ ಕಂಪ್ರೆಸರ್ ಶುರುವಾದಾಗಲೆಲ್ಲ ಕ್ಯಾಮೆರಾಗಳ ಚಿತ್ರ ನಿಂತುಹೋಗುತ್ತಿತ್ತು. ಆದರೆ ಮ್ಯಾನೇಜರರನ್ನು ಹೆಚ್ಚು ಕಾಡುತ್ತಿದ್ದದ್ದು ಬೇರೆ. ಕಟ್ಟಡದೊಳಗೆ ಹಿಂಬದಿಯ ಓಣಿಯ ಗೋಡೆಯಲ್ಲಿದ್ದ ಕಬ್ಬಿಣದ ಪೆಟ್ಟಿಗೆಯ ಹತ್ತಿರ ಮೂಟೆ ಹೊರುವವರು ಯಾರೂ ಸುಳಿಯುತ್ತಿರಲಿಲ್ಲ. ಅದೇ ಗೋಡೆಗೆ ಒರಗಿ ಕುಳಿತಿದ್ದ ಹಮಾಲಿಯೊಬ್ಬರು ಹಿಂದಿನ ವರ್ಷ ಎದೆನೋವು ಬಂದು ತೀರಿಕೊಂಡಿದ್ದರಂತೆ. ಆಮೇಲಿಂದ ಪೆಟ್ಟಿಗೆ ಮುಟ್ಟಿದವರಿಗೆಲ್ಲ ಯಾರೋ ಬೆರಳು ಸವರಿದಂತಾಗುತ್ತಿತ್ತಂತೆ.

ನಾನೂ ಬೆರಳ ಹಿಂಬದಿ ತಾಗಿಸಿದೆ. ಜುಮ್ಮೆಂದಿತು. ಕಾರಣ ಊಹಿಸಬಲ್ಲವನಾದರೂ ಆ ತಣ್ಣನೆಯ ಕತ್ತಲಲ್ಲಿ ಮೈ ನವಿರೆದ್ದಿತು.

ಕ್ಯಾಮೆರಾದ ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್ಚು ಪೆಟ್ಟಿಗೆಯೊಳಗಿತ್ತು. ಕೇಬಲ್ಲುಗಳಿಗೆ ಲೋಹದ ಹೊದಿಕೆಯಿತ್ತು. ಮೋಟಾರುಗಳ ಕಿರಿಕಿರಿ ಒಳಗಿನ ತಂತಿಗೆ ತಟ್ಟದಂತೆ ತಡೆಯುವುದು ಆ ಹೊದಿಕೆಯ ಕೆಲಸ. ಆದರೆ ಆ ಹೊದಿಕೆ ಬಂದು ಸೇರುವ ಸ್ವಿಚ್ಚಿಗೆ ಭೂಮಿಯ ಸಂಪರ್ಕ, ಅಂದರೆ ಅರ್ತಿಂಗ್, ಕೊಟ್ಟಿರಲೇ ಇಲ್ಲ. ಸೋರಿದ ಕರೆಂಟು ಭೂಮಿಗಿಳಿಯಲು ದಾರಿ ಸಿಗದೆ ಪೆಟ್ಟಿಗೆಯಲ್ಲೇ ಸುಳಿದಾಡುತ್ತಿತ್ತು.

ನಾನು ನೋಡುತ್ತಿರುವಾಗಲೇ ಕಸ ಗುಡಿಸುವ ಹೆಂಗಸೊಬ್ಬಳು ಬಂದು, ಪೊರಕೆ ಗೋಡೆಗೆ ಒರಗಿಸಿ, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು. ತೀರಿಕೊಂಡವರ ಹೆಂಡತಿ, ಮನೆಗೆ ಹೋಗುವ ಮುಂಚೆ ದಿನಾ ಹೀಗೇ ಮಾಡುತ್ತಾಳೆ ಎಂದು ಮ್ಯಾನೇಜರು ಮೆಲ್ಲಗೆ ಹೇಳಿದರು. ಅದು ಕರೆಂಟು, ಮುಟ್ಟಬೇಡಿ ಎಂದು ನಾನು ಎಚ್ಚರಿಸಿದೆ.

“ಎಲ್ರೂ ಅಂಗೇ ಅಂತಾರೆ ಕಣಪ್ಪ,” ಅಂದಳು. “ಅದು ಅವ್ರ ಕೈ. ಮಾತಾಡಾಕಿಲ್ಲ, ಅಷ್ಟೇಯ.”

ಮರುದಿನ ಹೊರಗೋಡೆಯ ಪಕ್ಕ ಗುಂಡಿ ತೆಗೆಸಿ, ಇದ್ದಿಲು, ಉಪ್ಪು ತುಂಬಿಸಿ ಕೊಳವೆ ಹೂಳಿಸಿದೆ. ಸ್ವಿಚ್ಚಿನಿಂದಲೂ ಪೆಟ್ಟಿಗೆಯಿಂದಲೂ ದಪ್ಪನೆಯ ಹಸಿರು ವೈರನ್ನು ಅಲ್ಲಿಗೆ ಎಳೆದೆ. ಕಂಪ್ರೆಸರ್ ಓಡಿದರೂ ಚಿತ್ರ ನಿಲ್ಲಲಿಲ್ಲ. ಪೆಟ್ಟಿಗೆ ಬರೀ ಕಬ್ಬಿಣವಾಯಿತು.

ಸಂಜೆ ಆಕೆ ಬಂದಳು. ಒಂದು ಕೈ ಇಟ್ಟಳು, ಆಮೇಲೆ ಎರಡೂ ಕೈ ಇಟ್ಟಳು. ಕೊಳೆ ಅಡ್ಡ ಬಂದಿರಬೇಕು ಅಂದುಕೊಂಡಳೋ ಏನೋ, ಸೆರಗಿನಿಂದ ಒರೆಸಿ ಮತ್ತೆ ಇಟ್ಟಳು. ಆಮೇಲೆ ಏಣಿ ಮಡಚುತ್ತಿದ್ದ ನನ್ನ ಕಡೆ ತಿರುಗಿದಳು.

“ಎಲ್ಲಿಗ್ ಕಳ್ಸುದ್ರಿ?” ಎಂದು ಕೇಳಿದಳು. ದನಿಯಲ್ಲಿ ಕೋಪವಿರಲಿಲ್ಲ.

ಹಸಿರು ವೈರು ತೋರಿಸಿ, ಮಣ್ಣಿಗೆ ಹೋಯಿತು ಎಂದೆ.

“ಮಣ್ಣಾಗೆ ಎಲ್ಲೀಗಂಟ ಓಯ್ತದೆ?”

ಮಣ್ಣೆಲ್ಲ ಒಂದೇ ಅಲ್ವೇನಮ್ಮ, ಎಲ್ಲ ಕಡೆಗೂ ಹೋಗುತ್ತೆ ಅಂದುಬಿಟ್ಟೆ.

“ಅವ್ರನ್ನ ಮಣ್ಣು ಮಾಡಿರಾದು ನಮ್ಮೂರು ಕಟ್ಟಾಯದ ಒಲದಾಗೆ,” ಎಂದು ತನಗೇ ಹೇಳಿಕೊಂಡು ಹೊರಗೆ ಹೋದಳು. ಗುಂಡಿಯ ಹತ್ತಿರ ಬಹಳ ಹೊತ್ತು ನಿಂತಿದ್ದಳು. ಮಣ್ಣು ಒಣಗಿದರೆ ಕರೆಂಟು ಇಳಿಯುವುದಿಲ್ಲ, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಿಸಬೇಕು ಎಂದು ನಾನು ಮ್ಯಾನೇಜರಿಗೆ ಹೇಳಿದ್ದು ಅವಳ ಕಿವಿಗೂ ಬಿದ್ದಿರಬೇಕು.

ಬೇಸಿಗೆಯಲ್ಲಿ ಪರೀಕ್ಷೆಗೆಂದು ಮತ್ತೆ ಹೋದೆ. ಅಂಗಳವೆಲ್ಲ ಬಿರುಕು ಬಿಟ್ಟಿತ್ತು, ಗುಂಡಿಯ ಸುತ್ತ ಮಾತ್ರ ನೆಲ ಒದ್ದೆಯಾಗಿತ್ತು. ಆಕೆ ದಿನಾ ಒಂದು ಕೊಡ ನೀರು ಸುರಿಯುತ್ತಾಳೆ, ಸುರಿಯುವಾಗ ಮನೆಯ ಸುದ್ದಿಯೆಲ್ಲ ಹೇಳುತ್ತಾಳೆ ಎಂದರು ಮ್ಯಾನೇಜರು. ಗುಂಡಿಯ ಪಕ್ಕ ಕುಳಿತು ಮೀಟರು ಹಚ್ಚಿದೆ, ಅರ್ತಿಂಗ್ ಸರಿಯಾಗಿದೆ ಎಂದು ತೋರಿಸಿತು. ಏಳುವ ಮುಂಚೆ ಆ ಮಣ್ಣಿಗೆ ಕೈ ಊರಿದೆ. ಏನೂ ಆಗಲಿಲ್ಲ. ಆದರೂ ಕೈ ತೆಗೆಯಲು ಮನಸ್ಸು ಬರಲಿಲ್ಲ.