ಹೊಸ್ತಿಲಾಚೆಯ ರೊಟ್ಟಿ

ಕಲ್ಲೂರಿನ ಕೇರಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಮೌನಪ್ಪನದು ಹೆಸರಿಗೆ ತಕ್ಕಂತೆ ಮಾತು ಕಡಿಮೆ. ಆದರೆ ಬಾಯಿ ಮುಚ್ಚಿಕೊಂಡಿರಲೇಬೇಕಾದ ಒಂದೇ ಒಂದು ಗಳಿಗೆಯಲ್ಲಿ ಪುಣ್ಯಾತ್ಮ ಬಾಯಿ ಬಿಟ್ಟ.

ಅದು ನಿಜಾಮರ ಪರ ಹಳ್ಳಿಗಳನ್ನು ಹೆದರಿಸುತ್ತಿದ್ದ ರಜಾಕಾರರ ಕಾಲ. ಅದೇ ಕೇರಿಯ ವಿಧವೆ ಮಾನಮ್ಮನ ಒಬ್ಬನೇ ಮಗ ಯಾಕೋಬ ಮಾನ್ವಿ ಸಂತೆಯಲ್ಲಿ ತ್ರಿವರ್ಣ ಬಾವುಟ ಹಾರಿಸಿ ಬಂದಿದ್ದ. ಊರಿನ ರೈತ ಬುರ್ಹಾನುದ್ದೀನ್ ಸಾಹೇಬರು ಅವನನ್ನು ತಮ್ಮ ಮೇವಿನ ಬಣವೆಯಲ್ಲಿ ಅಡಗಿಸಿಟ್ಟಿದ್ದರು. ಕೇರಿಯ ಕೆಲವರಿಗೆ ಅದು ಗೊತ್ತಿತ್ತು. ರಾಯಚೂರಿನಿಂದ ಲಾರಿಯಲ್ಲಿ ಬಂದ ರಜಾಕಾರರು ದಾರಿಯಲ್ಲಿ ಸಿಕ್ಕ ಮೌನಪ್ಪನನ್ನು ಹಿಡಿದರು. ಮೈಮೇಲೆ ಒಂದು ಏಟೂ ಬಿದ್ದಿರಲಿಲ್ಲ. ಬಂದೂಕು ಕಂಡದ್ದೇ ತಡ, "ಸಾಹೇಬರ ಬಣವಿಯಾಗ ಅದಾನ್ರೀ" ಎಂದುಬಿಟ್ಟ. ಅವರು ಬಣವೆಗೆ ಬೆಂಕಿ ಇಟ್ಟರು. ಯಾಕೋಬ ಹೊರಗೆ ಬರಲೇ ಇಲ್ಲ.

ಹೇಳಿದವರು ಯಾರೆಂದು ಊರಿಗೆ ತಿಳಿದಿರಲಿಲ್ಲ. ನಿಜಾಮರ ಆಳ್ವಿಕೆ ಮುಗಿದ ಮೇಲೆ ಒಂದು ಭಾನುವಾರ, ಕೇರಿಯ ಕ್ರೈಸ್ತರ ಮಣ್ಣಿನ ಗುಡಿಯಲ್ಲಿ ಮೌನಪ್ಪ ತಾನೇ ಎದ್ದು ನಿಂತು ಎಲ್ಲವನ್ನೂ ಹೇಳಿದ.

ಆ ಸಭೆಗೊಂದು ಕಟ್ಟಳೆ ಇತ್ತು. ಇನ್ನೊಬ್ಬರ ಮನೆ ಕೆಡಿಸಿದವನು ಹೊಸ್ತಿಲಾಚೆ, ಚಪ್ಪಲಿ ಬಿಡುವ ಜಾಗದಲ್ಲಿ ಕೂರಬೇಕು. ಯೇಸುವಿನ ಕಡೆಯ ಊಟವನ್ನು ನೆನೆಯುವ ಪ್ರಭುಭೋಜನದ ದಿನ ಎಲ್ಲರೂ ಹಂಚಿಕೊಳ್ಳುವ ಜೋಳದ ರೊಟ್ಟಿ ಅವನಿಗಿಲ್ಲ. ನೊಂದವರೇ ಬಂದು ಕೈ ಹಿಡಿದು ಒಳಗೆ ಕರೆದೊಯ್ದರೆ ಮಾತ್ರ ಉಂಟು. "ಮಾಡಿದ್ದುಣ್ಣೋ ಮಹಾರಾಯ" ಎಂದರು ಹಿರಿಯರು. ಸ್ವರ್ಗದ ಬೀಗದಕೈ ತಮ್ಮ ಉಡಿದಾರದಲ್ಲೇ ಇರುವಂತೆ ಮಾತಾಡುವುದರಲ್ಲಿ ಅವರು ಎಂದೂ ಹಿಂದೆ ಬಿದ್ದವರಲ್ಲ.

ಮೌನಪ್ಪ ಅಲ್ಲಿ ಕುಳಿತು, ಒಳಗೆ ಹಾಡು ನಡೆಯುವಾಗ ಜನರ ಹರಿದ ಚಪ್ಪಲಿಗಳನ್ನು ಹೊಲಿಯುತ್ತಿದ್ದ. ಅವನ ಕೈ ತನ್ನ ಮೆಟ್ಟಿಗೂ ಸೋಕಬಾರದೆಂದು ಮಾನಮ್ಮ ಬರಿಗಾಲಲ್ಲಿ ಬರತೊಡಗಿದಳು. ಬಿರುಕು ಬಿಟ್ಟ ಆ ಪಾದಗಳು ಪಕ್ಕದಲ್ಲೇ ದಾಟಿಹೋಗುವಾಗ ಅವನು ಸೂಜಿ ನಿಲ್ಲಿಸಿ ತಲೆ ತಗ್ಗಿಸುತ್ತಿದ್ದ.

ಮರುವರ್ಷ ಅವನಿಗೆ ಕೆಮ್ಮು ಹಿಡಿಯಿತು. ರಕ್ತ ಬೀಳತೊಡಗಿತು. ದೇವದುರ್ಗದ ವೈದ್ಯರು ನಾಡಿ ನೋಡಿ ಕೈಚೆಲ್ಲಿದರು. ಸಾಯಲು ಅವನಿಗೆ ಅಂಜಿಕೆ ಇರಲಿಲ್ಲ. ಆ ಒಂದು ತುತ್ತು ಸಿಗದೆ ಸಾಯಲು ಇತ್ತು.

ಆ ಸಲದ ಭೋಜನಕ್ಕೆ ರೊಟ್ಟಿ ಬಡಿಯುವ ಸರದಿ ಮಾನಮ್ಮನದು. ರೊಟ್ಟಿಯನ್ನು ಸಭೆ ನಡೆಸುವ ಉಪದೇಶಿ ದೇವದಾನಪ್ಪನವರ ತಟ್ಟೆಗಿಟ್ಟು ಅವಳು ಸೀದಾ ಬಾಗಿಲಿಗೆ ಬಂದಳು. ಮೌನಪ್ಪ ಕೈ ಚಾಚಿದ.

"ಕೈ ತೆಗಿ" ಎಂದಳು ಮಾನಮ್ಮ. "ನಿನ್ನ ಕ್ಷಮಿಸಾಕ ನನ್ನ ಕೈಲೆ ಆಗವಲ್ದು. ಮಗನ ಸುಟ್ಟ ವಾಸನಿ ಇನ್ನೂ ಮೂಗಿನ್ಯಾಗ ಅದ. ಎದಿಯಾಗ ಇಷ್ಟು ವಿಷ ಇಟ್ಕೊಂಡು ನಾನರ ಒಳಗ ಕುಂತು ಹ್ಯಾಂಗ ತಿನ್ಲಿ? ಆ ಕಡಿ ಸರಿ."

ಚಪ್ಪಲಿಗಳ ನಡುವೆ ಅವನಿಗೆ ಬೆನ್ನು ಮಾಡಿ ಕುಳಿತಳು.

ಇದಕ್ಕೆ ಕಟ್ಟಳೆಯಲ್ಲಿ ಉತ್ತರವಿರಲಿಲ್ಲ. ಹಿರಿಯರು ಗೊಣಗಿದರು. ದೇವದಾನಪ್ಪ ತಟ್ಟೆ ಹಿಡಿದು ಹೊಸ್ತಿಲು ದಾಟಿ ಬಂದು ಇಬ್ಬರಿಗೂ ರೊಟ್ಟಿ ಮುರಿದುಕೊಟ್ಟರು. ಮೌನಪ್ಪನಿಗೆ ಕೆಮ್ಮು ಒತ್ತರಿಸಿ ಬಂದು ತುತ್ತು ಚಪ್ಪಲಿಗಳ ಮೇಲೆ ಬಿತ್ತು. ಎತ್ತಿಕೊಳ್ಳುವ ಧೈರ್ಯ ಅವನಿಗಾಗಲಿಲ್ಲ. ಮಾನಮ್ಮ ಅದನ್ನು ಎತ್ತಿ, ಧೂಳು ಊದಿ, ಮುಖ ನೋಡದೆಯೇ ಅವನ ಅಂಗೈಗಿಟ್ಟಳು. ಅವನು ಅಳುತ್ತಲೇ ತಿಂದ.

ಆ ವಾರವೇ ಮೌನಪ್ಪ ತೀರಿಕೊಂಡ. ಮಣ್ಣು ಕೊಡಲು ಮಾನಮ್ಮ ಹೋಗಲಿಲ್ಲ. ಆದರೆ ಮುಂದಿನ ಭೋಜನದ ದಿನ ಅವಳು ಒಳಗೆ ಹೋಗದೆ, ಅವನು ಕೂರುತ್ತಿದ್ದ ಜಾಗದಲ್ಲೇ ಕುಳಿತಳು. ದೇವದಾನಪ್ಪ ತಟ್ಟೆ ಹಿಡಿದು ಮೊದಲು ಅಲ್ಲಿಗೇ ಬಂದರು.