ದೊಡ್ಡಮ್ಮನ ಕ್ಯಾಮೆರಾದ ಕೊನೆಯ ಹಾಳೆ

ಕ್ಯಾಮೆರಾ ರಿಪೇರಿಯಲ್ಲಿ ನಮ್ಮ ಚಿಕ್ಕಮ್ಮನ ಕೈ ತಪ್ಪಿದ್ದನ್ನು ಕಂಡವರು ಇನ್ನೂ ಹುಟ್ಟಿಲ್ಲ. ಅವಳು ಸ್ಕ್ರೂಡ್ರೈವರ್ ಎತ್ತಿದರೆ ಸಾಕು, ಕೆಟ್ಟ ಸ್ಪ್ರಿಂಗುಗಳು ನಾಚಿಕೊಂಡು ತಾವೇ ಸರಿಹೋಗುತ್ತವೆ. ತಾನು ಊರು ಬಿಟ್ಟು ಹೊರಟ ದಿನ ಅವಳ ಅಕ್ಕ, ಅಂದರೆ ನಮ್ಮ ದೊಡ್ಡಮ್ಮ, ಗುಂಡಿ ಒತ್ತಿದ ಕೂಡಲೇ ಫೋಟೊವನ್ನು ಹೊರಗೆ ತಳ್ಳುವ ಹಳೇ ಕ್ಯಾಮೆರಾ ತಂದಳು. ಫೋಟೊ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಒಳಗೆ ಉಳಿದಿದ್ದದ್ದು ಒಂದೇ ಹಾಳೆ.

“ನಾವಿಬ್ರೂ ಜೊತೆಗಿರೋ ಫೋಟೊ ಒಂದೂ ಇಲ್ಲ ಕಣೇ, ಬೇಗ ಸರಿಮಾಡು.”

ಚಿಕ್ಕಮ್ಮ ರೋಲರಿಗೆ ಅಂಟಿದ್ದ ಕೊಳೆ ಒರೆಸಿ, ಹಲ್ಲು ಸವೆದ ಗೇರನ್ನು ಬದಲಿಸಿದಳು. ಆಮೇಲೆ, ರಿಪೇರಿಯಾದದ್ದನ್ನು ಪರೀಕ್ಷಿಸಿ ನೋಡುವ ಅಭ್ಯಾಸಬಲದಿಂದ ಲೆನ್ಸನ್ನು ತನ್ನತ್ತ ತಿರುಗಿಸಿ ಗುಂಡಿ ಒತ್ತಿಯೇಬಿಟ್ಟಳು. ಹಾಳೆ ಸಲೀಸಾಗಿ ಹೊರಬಂತು. ಅದರ ತುಂಬಾ ಅವಳ ಮೂಗು!

“ಅಯ್ಯೋ, ಇದ್ದದ್ದೊಂದು ಹಾಳೇಲಿ ನಿನ್ನ ಮೂಗೇನೇ?” ಎಂದು ದೊಡ್ಡಮ್ಮ ಹಣೆ ಚಚ್ಚಿಕೊಂಡಳು.

“ನಿನ್ನದೂ ಇದೇ ಮೂಗು ತಾನೇ? ಇಬ್ರೂ ಬಂದ ಹಾಗಾಯ್ತು, ಬಿಡಕ್ಕ!”